ಎತ್ತಿನ ಚಿತ್ರಕ್ಕೆ ಯಾಕೆ ನಗಬೇಕು?

 

ಆಟೋಟಕ್ಕೆ ನಾಲ್ಕು ತಂಡ ಮಾಡಿ, ಪ್ರತಿ ತಂಡವೂ ಒಂದು ಲಾಂಛನ ಬರೆಯಬೇಕು ಎಂದು ಮೇಷ್ಟ್ರು ಹೇಳಿದರು. ಬೇರೆಯವರು ಹುಲಿ, ಸಿಂಹ, ಹದ್ದು ಬರೆದರು. ನಾನು ನಮ್ಮ ತಂಡಕ್ಕೆ ಎತ್ತು ಬರೆದೆ. ಎಲ್ಲರೂ ಬಿದ್ದೂ ಬಿದ್ದೂ ನಕ್ಕರು. "ನೀನೇ ಎತ್ತು, ಅದಕ್ಕೇ ಎತ್ತು ಬರ್ದಿದೀಯ ಕಣ್ಲಾ" ಅಂದರು. ನಮ್ಮ ತಂಡದವರೇ ಅಳಿಸು ಅಂತ ಜಗಳ ಆಡಿದರು. ನಾನು ಇನ್ನೂ ಅಳಿಸಿಲ್ಲ. ಯಾಕೆ ಅಂತ ಹೇಳುತ್ತೇನೆ.

ನಮ್ಮ ಸೋದರಮಾವ ವಾಯುಪಡೆಯಲ್ಲಿ ಕೆಲಸ ಮಾಡಿ ಬಂದವರು. ಅಲ್ಲಿ ವಿಮಾನಗಳ ತಂಡಕ್ಕೆ ಸ್ಕ್ವಾಡ್ರನ್ ಎನ್ನುತ್ತಾರೆ, ಒಂದೊಂದಕ್ಕೂ ಒಂದೊಂದು ಲಾಂಛನ ಇರುತ್ತದೆ ಎಂದು ಅವರು ಹೇಳಿದರು. 1933ರಲ್ಲಿ ಶುರುವಾದ 1ನೇ ಸ್ಕ್ವಾಡ್ರನ್ನಿನದು ಹುಲಿ. ಅದು ಯುದ್ಧ ಮಾಡುವ ತಂಡ, ಹುಲಿ ಸರಿ. ಆದರೆ 48ನೇ ಸ್ಕ್ವಾಡ್ರನ್ನಿನ ಹೆಸರು ಒಂಟೆ! 12ನೆಯದರದ್ದು ಚಮರೀಮೃಗ, ಅಂದರೆ ಹಿಮಾಲಯದ ಕಡೆ ಹೇರು ಹೊರುವ ಉದ್ದ ಕೂದಲಿನ ಪ್ರಾಣಿ. ಇವೆರಡೂ ಸೈನಿಕರನ್ನೂ ಸಾಮಾನನ್ನೂ ಸಾಗಿಸುವ ತಂಡಗಳು. ಎ.ಎನ್.-32 ಎಂಬ ಸಾಗಣೆ ವಿಮಾನ ಒಂದು ಸಲಕ್ಕೆ ಸುಮಾರು 6.7 ಟನ್ ಹೊರುತ್ತದೆ. ನಮ್ಮ ಕೊಬ್ಬರಿ ಲೆಕ್ಕದಲ್ಲಿ 67 ಕ್ವಿಂಟಾಲ್! ಬೆಟ್ಟದ ಮೇಲೆ ಕಾವಲಿರುವ ಸೈನಿಕನಿಗೆ ಅಕ್ಕಿ, ಔಷಧಿ ಯಾರಾದರೂ ಹೊತ್ತು ಕೊಡಲೇಬೇಕಲ್ಲ? ಊಟ ಇಲ್ಲದೆ ಹುಲಿ ಎಷ್ಟು ದಿನ ಕಾದಾಡೀತು?

2003ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸಾರಂಗ್ ಹೆಲಿಕಾಪ್ಟರ್ ತಂಡದ ಗುರುತು ನವಿಲು. ಆಕಾಶದಲ್ಲಿ ಕುಣಿದು ತೋರಿಸುವುದೇ ಅವರ ಕೆಲಸ, ಅದಕ್ಕೆ ನವಿಲು. ಹಾಗಾದರೆ ಲಾಂಛನ ಅಂದರೆ ಜಂಬ ಅಲ್ಲ, ಮಾಡುವ ಕೆಲಸದ ಗುರುತು.

ಹುಲಿ ಬರೆದರೆ ಧೈರ್ಯ ಬರುತ್ತದೆ ಎಂದು ಕೆಲವರು ಹೇಳಬಹುದು. ಎತ್ತಿಗೇನು ಧೈರ್ಯ ಕಡಿಮೆಯೇ? ಮೈಸೂರಿನ ಚಿಕ್ಕದೇವರಾಜ ಒಡೆಯರು 'ಬೆಣ್ಣೆ ಚಾವಡಿ' ಎಂದು ದನಗಳನ್ನು ಸಾಕಿಸಿದ್ದರು. ಅದಕ್ಕೆ ಟಿಪ್ಪು ಸುಲ್ತಾನ್ 'ಅಮೃತಮಹಲ್' ಎಂದು ಹೆಸರಿಟ್ಟ. ಆ ಎತ್ತುಗಳು ಯುದ್ಧಕ್ಕೆ ಫಿರಂಗಿ ಎಳೆದವು. ಆ ತಳಿಯ ಕೇಂದ್ರ ನಮ್ಮ ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲೇ ಇದೆ. ಹುಲಿಯನ್ನು ನಾವು ಪುಸ್ತಕದಲ್ಲಿ ನೋಡಿದ್ದೇವೆ, ಎತ್ತನ್ನು ದಿನಾ ನೋಡುತ್ತೇವೆ. ಅದಕ್ಕೇ ಸದರ ಆಗಿದೆ.

ನಮ್ಮಪ್ಪ ಬೇರೆಯವರ ತೋಟದಿಂದ ಗಾಡಿಯಲ್ಲಿ ಕಾಯಿ ಹೇರುತ್ತಾರೆ. ಟ್ರ್ಯಾಕ್ಟರ್ ಬಂದಿದ್ದರೂ ಮಳೆ ಬಂದು ತೋಟ ಕೆಸರಾದರೆ ನಮ್ಮ ಗಾಡೀನೇ ಕರೀತಾರೆ. ನನ್ನ ನೋಟ್‌ಬುಕ್ಕಿನ ದುಡ್ಡೂ ಆ ಎರಡು ಎತ್ತು ದುಡಿದದ್ದೇ.

ಸೋಮವಾರ ಕೈ ಎತ್ತಿ ತೀರ್ಮಾನ ಮಾಡೋಣ ಎಂದು ಮೇಷ್ಟ್ರು ಹೇಳಿದ್ದಾರೆ. ಸೋತರೆ ನಾನೇ ಅಳಿಸುತ್ತೇನೆ, ಬೇಜಾರಿಲ್ಲ. ಆದರೆ ದಡ್ಡನಿಗೆ ಎತ್ತು ಅಂತ ಬೈಯೋದನ್ನ ಮಾತ್ರ ದಯವಿಟ್ಟು ಬಿಡಿ. ಎತ್ತು ಅಂಥಾ ತಪ್ಪು ಏನೂ ಮಾಡಿಲ್ಲ.

– 7ನೇ ತರಗತಿಯ ಒಬ್ಬ ವಿದ್ಯಾರ್ಥಿ