ಶಿಕ್ಷೆ ಉಳಿಯಿತು, ಕತೆ ಅಳಿಯಿತು

ಇಂಗ್ಲಿಷ್ ಪದಸಂಪತ್ತು ಹೆಚ್ಚಿಸುವ ಪುಸ್ತಕಗಳಲ್ಲಿ ಒಂದು ಪಟ್ಟಿ ತಪ್ಪದೆ ಇರುತ್ತದೆ. ಅರಾಕ್ನೆಯಿಂದ ‘ಅರಾಕ್ನಿಡ್’, ಎಕೋ ಎಂಬ ವನದೇವತೆಯಿಂದ ‘ಎಕೋ’, ಟ್ಯಾಂಟಲಸ್ ದೊರೆಯಿಂದ ‘ಟ್ಯಾಂಟಲೈಸ್’, ಮೆಂಟರ್ ಎಂಬ ಹಿರಿಯನಿಂದ ‘ಮೆಂಟರ್’. ಒಂದೊಂದು ಹೆಸರಿಗೆ ಒಂದೊಂದು ಸಾಲು. ಕೊನೆಗೆ, ಗ್ರೀಕ್ ಪುರಾಣ ಇಂಗ್ಲಿಷಿನಲ್ಲಿ ಇಂದಿಗೂ ಜೀವಂತ ಎಂಬ ಷರಾ. ಸಾಹಿತ್ಯದ ವಿದ್ಯಾರ್ಥಿಗಳೂ ಇದನ್ನು ಉರುಹೊಡೆದು ಪುರಾಣ ಗೊತ್ತಾಯಿತು ಎಂದುಕೊಳ್ಳುತ್ತಾರೆ. ನನ್ನ ತಕರಾರು ಇರುವುದು ಇಲ್ಲೇ. ಈ ಪದಗಳಲ್ಲಿ ಬದುಕಿರುವುದು ಪುರಾಣವಲ್ಲ, ಅದರ ತೀರ್ಪಿನ ಕೊನೆಯ ಸಾಲು. ವಿಚಾರಣೆಯ ಕಡತ ಕಳೆದುಹೋಗಿದೆ.

ಅರಾಕ್ನೆಯನ್ನೇ ನೋಡಿ. ಪಟ್ಟಿಯ ಪ್ರಕಾರ ಅವಳು ಸೊಕ್ಕಿನಿಂದ ದೇವಿಗೆ ಸವಾಲು ಹಾಕಿ ಜೇಡವಾದವಳು. ರೋಮನ್ ಕವಿ ಓವಿಡ್ ತನ್ನ ‘ಮೆಟಮಾರ್ಫೋಸಿಸ್’ ಕಾವ್ಯದ 6ನೇ ಭಾಗದಲ್ಲಿ ಹೇಳುವುದು ಇದಕ್ಕಿಂತ ಹೆಚ್ಚು. ಅವಳು ಲಿಡಿಯಾದ ಬಣ್ಣಗಾರನೊಬ್ಬನ ಮಗಳು. ಕುಲದ ಬಲವಿಲ್ಲ, ಇದ್ದದ್ದು ಕೈಕಸುಬು. ಸವಾಲು ಹಾಕಿದ್ದು ನಿಜ. ಸ್ಪರ್ಧೆಯಲ್ಲಿ ಮಿನರ್ವಾ, ಅಂದರೆ ಗ್ರೀಕರ ಅಥೀನಾ, ನೇಯುವುದು ದೇವತೆಗಳ ವೈಭವವನ್ನು ಮತ್ತು ಅವರನ್ನು ಎದುರುಹಾಕಿಕೊಂಡವರ ದುರ್ಗತಿಯನ್ನು. ಅರಾಕ್ನೆ ನೇಯುವುದು ಅದೇ ದೇವತೆಗಳು ಗೂಳಿಯಾಗಿ, ಹಂಸವಾಗಿ ಬಂದು ಹೆಣ್ಣುಮಕ್ಕಳನ್ನು ವಂಚಿಸಿದ್ದನ್ನು. ಆ ನೇಯ್ಗೆಯಲ್ಲಿ ದೋಷ ಹುಡುಕಲು ದೇವಿಗೂ ಆಗಲಿಲ್ಲ. ಬಟ್ಟೆ ಹರಿದಳು, ಲಾಳಿಯಿಂದ ಹುಡುಗಿಯ ಹಣೆಗೆ ಬಡಿದಳು. ಹುಡುಗಿ ನೇಣಿಗೆ ಕೊರಳೊಡ್ಡಿದಳು. ಜೇಡವಾದದ್ದು ಆಮೇಲೆ. ಇಂದು ಜೀವಶಾಸ್ತ್ರದಲ್ಲಿ ಜೇಡದ ಜೊತೆಗೆ ಚೇಳೂ ಅವಳ ಹೆಸರಿನ ವರ್ಗಕ್ಕೆ ಸೇರಿದೆ. ಹರಿದ ಬಟ್ಟೆಯ ಸುಳಿವು ಮಾತ್ರ ಎಲ್ಲೂ ಇಲ್ಲ.

ಎಕೋಳ ಅಪರಾಧವೇನು? ಜುಪಿಟರ್ ವನದೇವತೆಗಳೊಡನೆ ಇದ್ದಾಗ ಅವನ ಹೆಂಡತಿಯನ್ನು ಮಾತಿನಲ್ಲಿ ತಡೆದು ನಿಲ್ಲಿಸಿದ್ದು. ಗಂಡನಿಗೆ ಏನೂ ಆಗಲಿಲ್ಲ. ಸ್ವಂತ ಮಾತು ಕಳೆದುಕೊಂಡವಳು ಇವಳು. ಪಟ್ಟಿ ಇಲ್ಲಿ ಇನ್ನೊಂದು ತಪ್ಪನ್ನೂ ಮಾಡುತ್ತದೆ. ಗ್ರೀಕಿನಲ್ಲಿ ಎಕೋ ಎಂದರೆ ಸದ್ದು, ಅರಾಕ್ನೆ ಎಂದರೆ ಜೇಡವೇ. ಹೆಸರಿನಿಂದ ಪದ ಹುಟ್ಟಿತು ಅನ್ನುವುದಕ್ಕಿಂತ, ಇದ್ದ ಪದಕ್ಕೆ ಕತೆ ಕಟ್ಟಿದರು ಅನ್ನುವುದು ಹೆಚ್ಚು ಸರಿ.

ಟ್ಯಾಂಟಲಸ್‌ನದು ಇದರ ತಿರುವುಮುರುವು. ಅವನು ಕೊರಳವರೆಗಿನ ನೀರಿನಲ್ಲಿ ನಿಂತರೂ ಕುಡಿಯಲಾಗದೆ, ತಲೆಯ ಮೇಲೆ ತೂಗುವ ಹಣ್ಣು ಕೈಗೆಟುಕದೆ ನರಳುವುದನ್ನು ಹೋಮರ್ ‘ಒಡಿಸ್ಸಿ’ಯ 11ನೇ ಭಾಗದಲ್ಲಿ ವರ್ಣಿಸುತ್ತಾನೆ, ಕಾರಣ ಹೇಳುವುದಿಲ್ಲ. ಬೇರೆ ಕತೆಗಳು ಹೇಳುತ್ತವೆ: ಅವನು ಸ್ವಂತ ಮಗ ಪೆಲೋಪ್ಸ್‌ನನ್ನು ಕೊಂದು, ಬೇಯಿಸಿ ದೇವತೆಗಳಿಗೆ ಬಡಿಸಿದವನು. ಈಗ ಹೋಟೆಲಿನ ಜಾಹೀರಾತಿನಲ್ಲಿ ಬಾಯಲ್ಲಿ ನೀರೂರಿಸುವ ಪರಿಮಳಕ್ಕೆ ‘ಟ್ಯಾಂಟಲೈಸಿಂಗ್’ ಎನ್ನುತ್ತಾರೆ! ಮಗನನ್ನು ಬೇಯಿಸಿದವನ ಹೆಸರು ಊಟಕ್ಕೆ ಕರೆಯುತ್ತಿದೆ.

‘ಮೆಂಟರ್’ ಅಂತೂ ಪೂರಾ ಅನ್ಯಾಯ. ‘ಒಡಿಸ್ಸಿ’ಯಲ್ಲಿ ಟೆಲೆಮಾಕಸ್‌ಗೆ ಧೈರ್ಯ ತುಂಬಿ, ಹಡಗು ಸಿದ್ಧಪಡಿಸಿ, ಜೊತೆಗೆ ಪಯಣಿಸುವುದು ಮೆಂಟರನ ರೂಪ ತೊಟ್ಟ ಅಥೀನಾ. ದುಡಿದವಳು ದೇವಿ, ಪದ ದಕ್ಕಿದ್ದು ಮುದುಕನಿಗೆ. ಆ ಹೆಸರು ಮಾರ್ಗದರ್ಶಿ ಎಂಬ ಅರ್ಥದಲ್ಲಿ ಹಬ್ಬಲು 1699ರಲ್ಲಿ ಬಂದ ಫೆನೆಲೋನ್‌ನ ಫ್ರೆಂಚ್ ಕೃತಿಯೇ ಮುಖ್ಯ ಕಾರಣ.

ಪದಗಳು ಸವೆಯುವುದು ಸಹಜ, ಆಡುವಾಗಲೆಲ್ಲ ಕತೆ ನೆನೆಯಬೇಕೇ ಎಂದು ನೀವು ಕೇಳಬಹುದು. ಬೇಡ. ‘ತ್ರಿಶಂಕು ಸ್ಥಿತಿ’ ಎನ್ನುವಾಗ ನಮಗೂ ವಿಶ್ವಾಮಿತ್ರನ ಹಟ ನೆನಪಾಗುವುದಿಲ್ಲ. ಪದ ಬಳಸುವವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಕತೆ ಹೇಳುತ್ತೇವೆಂದು ಹೊರಟವರು ಅರ್ಧಕ್ಕೆ ನಿಲ್ಲಿಸಬಾರದು. ಸೊಕ್ಕಿನವಳು, ವಾಚಾಳಿ ಎಂಬ ಹಣೆಪಟ್ಟಿಗಳು ಶಿಕ್ಷೆ ಕೊಟ್ಟವರ ಬಾಯಿಂದ ಬಂದವು. ಅವನ್ನು ‘ಸಾಮಾನ್ಯ ಜ್ಞಾನ’ವೆಂದು ಹಂಚಿದರೆ ನಾವೂ ಆ ತೀರ್ಪಿಗೆ ಸಹಿ ಹಾಕಿದಂತೆ.

ಅರಾಕ್ನೆಯ ಪ್ರಸಂಗವನ್ನು ಅನುವಾದದಲ್ಲಿ ಓದಲು ಕಾಲು ಗಂಟೆ ಸಾಕು. ಪಟ್ಟಿ ಉರುಹೊಡೆಯಲೂ ಅಷ್ಟೇ ಹೊತ್ತು ಬೇಕು.