ಬಡ್ಡಿಯೋ, ಪ್ರತಿಫಲವೋ?

ಕನ್ನಡವನ್ನು ಐಚ್ಛಿಕವಾಗಿ ಓದಿದವರ ಮುಂದೆ ಅಧ್ಯಾಪನ, ಪತ್ರಿಕೋದ್ಯಮ, ಸ್ಪರ್ಧಾತ್ಮಕ ಪರೀಕ್ಷೆ ಎಂಬ ಮೂರೇ ದಾರಿಗಳನ್ನು ಇರಿಸುವುದು ರೂಢಿ. ಮ್ಯೂಚುವಲ್ ಫಂಡ್ ಸಂಸ್ಥೆಗಳ ವ್ಯವಹಾರಾಭಿವೃದ್ಧಿ ಮತ್ತು ಹೂಡಿಕೆದಾರರ ಸಂಪರ್ಕ ವಿಭಾಗಗಳನ್ನು ಈ ಪಟ್ಟಿಗೆ ಸೇರಿಸಿದರೆ ವಾಣಿಜ್ಯ ವಿಭಾಗದವರು ನಕ್ಕಾರು. ಸೇಲಂ, ಧರ್ಮಪುರಿಗಳನ್ನು ಬಲ್ಲವರು ನಗಲಾರರು.

1965ರವರೆಗೆ ಅವೆರಡೂ ಒಂದೇ ಜಿಲ್ಲೆ. ಹೊಗೆನಕಲ್ಲಿನ ಹೆಸರಿನಲ್ಲಿಯೇ ಕನ್ನಡವಿದೆ. ಸೇಲಂನ ಎಷ್ಟೋ ದೇವಾಂಗ ನೇಕಾರರಿಗೆ ಅದು ಇಂದಿಗೂ ಮನೆಮಾತು. ಅವರಲ್ಲಿ ಬಹುಮಂದಿ ಶಾಲೆಯಲ್ಲಿ ಕಲಿತದ್ದು ತಮಿಳು. ಲೆಕ್ಕ ತಮಿಳಿನಲ್ಲಿ, ಮನೆಯ ಸಮಾಲೋಚನೆ ಕನ್ನಡದಲ್ಲಿ, ಹೂಡಿಕೆಯ ದಸ್ತಾವೇಜು ಮಾತ್ರ ಇಂಗ್ಲಿಷಿನಲ್ಲಿ! ಈ ಮೂರರ ನಡುವೆ ನಿಂತು ಅರ್ಥ ಹೇಳುವವನೇ ಆ ಉದ್ಯೋಗದ ತಿರುಳು. ವ್ಯವಹಾರಾಭಿವೃದ್ಧಿಯವನು ಊರೂರು ತಿರುಗಿ ವಿತರಕರನ್ನು ಸಿದ್ಧಗೊಳಿಸುತ್ತಾನೆ. ಹಣದ ಮೌಲ್ಯ ಕುಸಿದ ದಿನ ಎದುರು ಕುಳಿತು ಉತ್ತರಿಸಬೇಕಾದವನು ಸಂಪರ್ಕಾಧಿಕಾರಿ.

ಅಲ್ಲಿ ಒಂದು ಪದದ ಆಯ್ಕೆಯೂ ಹಗುರವಾದುದಲ್ಲ. ಕನ್ನಡದ ಬಡ್ಡಿ, ತಮಿಳಿನ ವಟ್ಟಿ ಎರಡೂ ಮೊದಲೇ ಗೊತ್ತಾದ ಗಳಿಕೆಯನ್ನು ಸೂಚಿಸುತ್ತವೆ. ಮ್ಯೂಚುವಲ್ ಫಂಡಿನಿಂದ ಬರುವುದು ಬಡ್ಡಿಯಲ್ಲ, ಪ್ರತಿಫಲ. ಅದು ಬರಬಹುದು, ಬಾರದಿರಬಹುದು, ಅಸಲೇ ಕರಗಬಹುದು. ಕೇಳುವವರಿಗೆ ಸುಲಭವಾಗಲೆಂದು ‘ವರ್ಷಕ್ಕೆ ಇಷ್ಟು ಬಡ್ಡಿ’ ಎಂದುಬಿಟ್ಟರೆ ಸುಳ್ಳು ಹೇಳಿದಂತೆಯೇ. (ಮರಾಠಿಯಲ್ಲಿ ಬಡ್ಡಿಗೆ ‘ವ್ಯಾಜ’ ಎನ್ನುತ್ತಾರೆ. ವ್ಯಾಜಸ್ತುತಿಯನ್ನು ಓದಿದವರಿಗೆ ಆ ಪದ ಕನ್ನಡದಲ್ಲಿ ಏನನ್ನು ಸೂಚಿಸುತ್ತದೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.) ‘ಮಾರುಕಟ್ಟೆಯ ಅಪಾಯಗಳಿಗೆ ಒಳಪಟ್ಟಿದೆ’ ಎಂಬ ಗ್ರಾಂಥಿಕ ವಾಕ್ಯಕ್ಕಿಂತ ‘ಹಾಕಿದ ದುಡ್ಡು ಕಮ್ಮಿಯೂ ಆಗಬಹುದು’ ಎಂಬ ಮಾತು ಮಗ್ಗದ ಮನೆಗೆ ಬೇಗ ತಲುಪುತ್ತದೆ.

ನೆರೆಯ ಈರೋಡು ಜಿಲ್ಲೆಯ ಪೆರುಂದುರೈ ಕಡೆ ಎಮು ಹಕ್ಕಿ ಸಾಕಣೆಯ ಯೋಜನೆಗಳು 2012ರಲ್ಲಿ ಕುಸಿದು, ಹಣ ತೊಡಗಿಸಿದ್ದವರು ಬೀದಿಗೆ ಬಂದರು. ಅವು ಮ್ಯೂಚುವಲ್ ಫಂಡುಗಳಲ್ಲ, ನಿಜ. ಆದರೆ ತಿಂಗಳು ತಿಂಗಳು ಖಚಿತವಾದ ಹಣವೆಂಬ ಆಶ್ವಾಸನೆ ತಾಯ್ನುಡಿಯಲ್ಲಿ ಎಷ್ಟು ಸುಲಭವಾಗಿ ಮನೆ ಹೊಕ್ಕಿತು! ಎಚ್ಚರಿಕೆಗೆ ಆ ಸೌಲಭ್ಯ ಇರಲಿಲ್ಲ.

ಈ ವೃತ್ತಿಯನ್ನು ಹೊಗಳಿ ಮುಗಿಸುವುದೂ ಸರಿಯಲ್ಲ. ವಿತರಕನ ಆದಾಯ ಕಮಿಷನ್ನಿನಿಂದ. ಮಾರುವವರ ಮೇಲೆ ಗುರಿಯ ಒತ್ತಡವೂ ಇರುತ್ತದೆ. ಸೆಬಿ 2018ರಲ್ಲಿ ಮುಂಗಡ ಕಮಿಷನ್ನನ್ನು ನಿಲ್ಲಿಸಿ, ಹಣ ಉಳಿದಿರುವಷ್ಟು ಕಾಲ ಸ್ವಲ್ಪ ಸ್ವಲ್ಪವಾಗಿ ಕೊಡುವ ಕ್ರಮವನ್ನು ತಂದದ್ದು ಒಳ್ಳೆಯದೇ ಆಯಿತು. ಪ್ರವೇಶಕ್ಕೆ ಬೇಕಾದ ಎನ್‌ಐಎಸ್‌ಎಂ ಪರೀಕ್ಷೆ ಸಾಹಿತ್ಯದ ವಿದ್ಯಾರ್ಥಿಗೆ ದುಸ್ಸಾಧ್ಯವೇನಲ್ಲ. ಒಂದೆರಡು ತಿಂಗಳ ಓದು ಸಾಕು. ಸಾಲದೆ ಬರುವುದು ಇನ್ನೊಂದು ಅಭ್ಯಾಸ: ಒಂದು ಯೋಜನಾಪತ್ರವನ್ನು ಮುಂದಿಟ್ಟುಕೊಂಡು, ಅದರ ನಷ್ಟದ ಪುಟವನ್ನು ಲಾಭದ ಪುಟದಷ್ಟೇ ಸ್ಪಷ್ಟವಾಗಿ ಆಡುಗನ್ನಡದಲ್ಲಿ ಹೇಳುವುದು. ಅನುವಾದ ಪತ್ರಿಕೆಯ ಒಂದು ನಿಯೋಜನೆಯನ್ನು ಇದಕ್ಕೆ ಮೀಸಲಿಡಲು ವಿಶ್ವವಿದ್ಯಾಲಯದ ಅಪ್ಪಣೆ ಬೇಕಾಗಿಲ್ಲ.