ಮುದ್ರೆ ಹಲಾಲ್, ಮಾರುಕಟ್ಟೆ ಯಾರದ್ದು?

ಅಫಘಾನಿಸ್ತಾನದ ಮಾರುಕಟ್ಟೆಗಳಲ್ಲಿ ಮಾರಾಟವಾಗುವ ಬ್ರೆಜಿಲ್‌ನ ಶೀತಲೀಕೃತ ಕೋಳಿಯ ಮೇಲೆ ‘ಹಲಾಲ್’ ಎಂಬ ಮುದ್ರೆಯಿದೆ. ಮುದ್ರೆಯನ್ನು ನೋಡಿದ ಕೂಡಲೇ ನಮ್ಮ ಮನಸ್ಸಾಕ್ಷಿ ನಿರಾಳವಾಗುತ್ತದೆ. ಆದರೆ ಆ ಕೋಳಿ ಬಂದ ದಾರಿ ಯಾವುದು, ಅದರ ಲಾಭ ಹೋದದ್ದು ಎಲ್ಲಿಗೆ, ಅದರಿಂದ ಬರಿದಾದ ಕೈ ಯಾರದ್ದು ಎಂಬ ಪ್ರಶ್ನೆಗಳನ್ನು ನಾವು ಕೇಳುವುದೇ ಇಲ್ಲ.

ಅಫಘಾನಿಸ್ತಾನಕ್ಕೆ ಕಡಲಿಲ್ಲ. ಆರು ದೇಶಗಳು ಅದನ್ನು ಸುತ್ತುವರಿದಿವೆ. ಅಟ್ಲಾಂಟಿಕ್ ದಾಟಿ ಬರುವ ಕೋಳಿ ಕರಾಚಿಯಲ್ಲೋ ಇರಾನಿನ ಬಂದರ್ ಅಬ್ಬಾಸ್‌ನಲ್ಲೋ ಇಳಿಯಬೇಕು. ಕರಾಚಿಯಿಂದ ತೋರ್ಖಮ್ ಅಥವಾ ಚಮನ್ ಗಡಿಯ ಮೂಲಕ ಕಾಬೂಲಿಗೆ ಸಾವಿರ ಕಿ.ಮೀ.ಗೂ ಹೆಚ್ಚು ದೂರ ಸಾಗಬೇಕು. ದಾರಿಯುದ್ದಕ್ಕೂ ಕಂಟೇನರಿನೊಳಗೆ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಶೀತ ಕೆಡದಂತೆ ಉಳಿಯಬೇಕು. ಕಾಬೂಲ್ ತಲುಪಿದ ಬಳಿಕ ಅದನ್ನು ಕಾಯುವ ಶೀತಲಗೃಹಕ್ಕೆ ವಿದ್ಯುತ್ ಬೇಕು. ಆ ದೇಶದ ವಿದ್ಯುತ್ತಿನ ಬಹುಪಾಲು ಉಜ್ಬೇಕಿಸ್ತಾನ, ತಜಿಕಿಸ್ತಾನ, ತುರ್ಕ್‌ಮೆನಿಸ್ತಾನ ಮತ್ತು ಇರಾನಿನಿಂದ ಬರುತ್ತದೆ! ಒಂದು ಊಟಕ್ಕಾಗಿ ಎಷ್ಟು ದೇಶಗಳ ಮರ್ಜಿಯನ್ನು ಕಾಯಬೇಕು?

ಆ ಮರ್ಜಿಯ ಬೆಲೆಯೇನೆಂಬುದು 2025ರಲ್ಲಿ ಬಯಲಾಯಿತು. ಫೆಬ್ರವರಿ-ಮಾರ್ಚ್‌ನಲ್ಲಿ ತೋರ್ಖಮ್ ದ್ವಾರ ಸುಮಾರು 25 ದಿನ ಮುಚ್ಚಿತ್ತು. ಅಕ್ಟೋಬರ್‌ನಲ್ಲಿ ಎರಡೂ ದೇಶಗಳ ಸೈನಿಕರ ನಡುವೆ ಘರ್ಷಣೆ ನಡೆದಾಗ ತೋರ್ಖಮ್ ಮತ್ತು ಚಮನ್ ಎರಡೂ ವ್ಯಾಪಾರಕ್ಕೆ ಮುಚ್ಚಿದವು. ಸಿಮೆಂಟು ಗಡಿಯಲ್ಲಿ ತಿಂಗಳು ಕಾದೀತು, ಮಾಂಸ ಕಾಯದು. ಕಡಲಿಲ್ಲದ ದೇಶಗಳಿಗೆ ಕಡಲನ್ನು ತಲುಪುವ ಹಾಗೂ ನೆರೆನಾಡಿನ ಮೂಲಕ ಸರಕು ಸಾಗಿಸುವ ಹಕ್ಕಿದೆಯೆಂದು 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನಿನ 125ನೇ ವಿಧಿ ಹೇಳುತ್ತದೆ. ಕಾನೂನು ಹಾಗಿರಲಿ, ನೆರೆಮನೆಯವನು ಹಸಿದಿರುವಾಗ ಬಾಗಿಲಿಗೆ ಅಗುಳಿ ಹಾಕಬಾರದೆಂಬುದು ಎರಡೂ ಕಡೆಯವರು ನಂಬುವ ಧರ್ಮದ ಮೊದಲ ಪಾಠವಲ್ಲವೇ? ಭ್ರಾತೃತ್ವದ ಭಾಷಣಗಳು ಸುಂಕದ ಕಟ್ಟೆಯ ಬಳಿ ಏಕೆ ಮೌನವಾಗುತ್ತವೆ?

ಇನ್ನು ಈ ಕೋಳಿ ಅಗ್ಗವೇಕೆ ಎಂಬುದನ್ನೂ ತಿಳಿಯಬೇಕು. ಬ್ರೆಜಿಲ್‌ನಲ್ಲಿ ಮೆಕ್ಕೆಜೋಳ ಮತ್ತು ಸೋಯಾ ಹೇರಳವಾಗಿ ಬೆಳೆಯುತ್ತವೆ, ಕೋಳಿ ಆಹಾರಕ್ಕೆ ಅವರು ಯಾರನ್ನೂ ಬೇಡಬೇಕಾಗಿಲ್ಲ. ಅಮೆರಿಕನ್ನರಿಗೆ ಎದೆಮಾಂಸವೇ ಹೆಚ್ಚು ಇಷ್ಟ, ಅವರಿಗೆ ಬೇಡವಾದ ಕಾಲುಗಳು ಹಡಗು ಹತ್ತುತ್ತವೆ. 1990ರ ದಶಕದಲ್ಲಿ ರಷ್ಯಾದ ಜನ ಅವನ್ನು ‘ಬುಷ್ ಕಾಲುಗಳು’ ಎಂದೇ ಕರೆದರು. ಒಬ್ಬರ ತಟ್ಟೆಯಲ್ಲಿ ಮಿಕ್ಕಿದ್ದು ಇನ್ನೊಬ್ಬರ ಮಾರುಕಟ್ಟೆಯ ದರವನ್ನು ನಿರ್ಧರಿಸುವಾಗ ಕಾಳು ಕೊಂಡು ಕೋಳಿ ಸಾಕುವ ಅಫಘಾನ್ ರೈತ ಸ್ಪರ್ಧಿಸುವುದಾದರೂ ಹೇಗೆ?

ಈ ನಷ್ಟ ದೊಡ್ಡ ಸಾಕಾಣಿಕೆದಾರರದ್ದು ಮಾತ್ರವಲ್ಲ. ಅಫಘಾನ್ ಹಳ್ಳಿಗಳಲ್ಲಿ ಹಿತ್ತಿಲ ಕೋಳಿ ಹೆಣ್ಣುಮಕ್ಕಳ ದುಡಿಮೆ. ತಾಲಿಬಾನ್ ಆಡಳಿತ 2021ರಿಂದ ಆರನೇ ತರಗತಿಯ ನಂತರ ಹೆಣ್ಣುಮಕ್ಕಳ ಶಾಲೆಯ ಬಾಗಿಲು ಮುಚ್ಚಿತು, 2022ರ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾನಿಲಯದ ಬಾಗಿಲನ್ನೂ ಮುಚ್ಚಿತು. ಇದಕ್ಕೆ ಇಸ್ಲಾಮಿನಲ್ಲಿ ಆಧಾರವಿಲ್ಲವೆಂದು ನಾವು ಸ್ಪಷ್ಟವಾಗಿ ಹೇಳಬೇಕು. ಹೊರಗಿನ ದುಡಿಮೆಯನ್ನು ಕಸಿದುಕೊಂಡವರು ಕನಿಷ್ಠ ಮನೆಯಂಗಳದ ದುಡಿಮೆಯನ್ನಾದರೂ ಕಾಯಬೇಡವೇ? ಇತ್ತ, 2021ರಲ್ಲಿ ಅಫಘಾನ್ ಕೇಂದ್ರ ಬ್ಯಾಂಕಿನ ಸುಮಾರು 700 ಕೋಟಿ ಡಾಲರುಗಳನ್ನು ತಡೆಹಿಡಿದ ಅಮೆರಿಕವೂ ಆ ಹೆಣ್ಣುಮಗಳ ಮುಂದೆ ನಿರ್ದೋಷಿಯಲ್ಲ.

ಬಡವರಿಗೆ ಅಗ್ಗದ ಮಾಂಸ ಸಿಗುವುದಾದರೆ ತಪ್ಪೇನು ಎಂದು ಕೇಳುವವರಿದ್ದಾರೆ. ಸ್ಥಳೀಯ ಸಾಕಾಣಿಕೆಯೂ ಮರಿ ಮತ್ತು ಆಹಾರಕ್ಕಾಗಿ ಪಾಕಿಸ್ತಾನವನ್ನು ಅವಲಂಬಿಸಿತ್ತಲ್ಲವೇ ಎಂದೂ ಕೇಳುತ್ತಾರೆ. ಎರಡೂ ನ್ಯಾಯವಾದ ಪ್ರಶ್ನೆಗಳೇ. ಹಸಿದವನ ಬಾಯಿಂದ ತುತ್ತು ಕಸಿಯಿರೆಂದು ನಾವು ಹೇಳುತ್ತಿಲ್ಲ. ಆದರೆ ಗಡಿ ಮುಚ್ಚಿದ ದಿನ ಅಗ್ಗದ ಮಾಂಸವೂ ಇಲ್ಲ, ಊರಿನ ಕೋಳಿಯೂ ಇಲ್ಲ ಎಂದಾದರೆ ಬಡವನಿಗೆ ಉಳಿದದ್ದೇನು? ಆಮದು ಸುಂಕವನ್ನು ಹಂತಹಂತವಾಗಿ ಏರಿಸಿ, ಆ ಹಣವನ್ನು ಮರಿ ಮಾಡುವ ಕೇಂದ್ರಗಳಿಗೆ, ಆಹಾರದ ಗಿರಣಿಗಳಿಗೆ, ಲಸಿಕೆಗೆ ವಿನಿಯೋಗಿಸುವುದೇ ಇದಕ್ಕೆ ದಾರಿ. ಸೆನೆಗಲ್ 2005ರಲ್ಲಿ ಹಕ್ಕಿಜ್ವರದ ಕಾರಣ ನೀಡಿ ಕೋಳಿಯ ಆಮದನ್ನು ನಿಷೇಧಿಸಿತು. ಮುಂದಿನ ವರ್ಷಗಳಲ್ಲಿ ಅಲ್ಲಿಯ ಕೋಳಿ ಸಾಕಾಣಿಕೆ ಚೇತರಿಸಿ ಬೆಳೆಯಿತು. ಬಂದರು ಇರುವ ದೇಶವೇ ಈ ಎಚ್ಚರ ವಹಿಸಿದರೆ ಬಂದರೇ ಇಲ್ಲದ ದೇಶ ಎಷ್ಟು ಎಚ್ಚರ ವಹಿಸಬೇಕು!

ಆದರೆ ಯೋಜನೆ ಜನರ ನಡುವಿನಿಂದ ಹುಟ್ಟಬೇಕು. 2010ರಲ್ಲಿ ಆರಂಭವಾದ ಅಮೆರಿಕದ ಸೋಯಾ ಯೋಜನೆಗೆ 3.4 ಕೋಟಿ ಡಾಲರ್ ಸುರಿಯಲಾಯಿತು. ಆ ನೆಲಕ್ಕೆ ಸೋಯಾ ಒಗ್ಗಲಿಲ್ಲ, ಆ ಜನರಿಗೆ ರುಚಿಸಲೂ ಇಲ್ಲ. 2014ರಲ್ಲಿ ಅಮೆರಿಕದ ತನಿಖಾಧಿಕಾರಿಯೇ ಅದನ್ನು ಬಹಿರಂಗವಾಗಿ ಪ್ರಶ್ನಿಸಬೇಕಾಯಿತು.

ಇಲ್ಲಿ ನಾವು ನಮ್ಮನ್ನೂ ಕೇಳಿಕೊಳ್ಳಬೇಕಾದ ಮಾತಿದೆ. 2022ರ ಯುಗಾದಿಯ ಹೊತ್ತಿಗೆ ಕರ್ನಾಟಕದಲ್ಲಿ ಹಲಾಲ್ ವಿರುದ್ಧ ಅಭಿಯಾನ ನಡೆದಾಗ ಅದು ನಮ್ಮ ಹಕ್ಕೆಂದು ವಾದಿಸಿದೆವು. ಸರಿಯಾಗಿಯೇ ವಾದಿಸಿದೆವು. ಆದರೆ ಪವಿತ್ರ ಕುರ್‌ಆನ್ ಹಲಾಲ್‌ನ ಜೊತೆಗೇ ‘ತಯ್ಯಿಬ್’ ಎಂಬ ಪದವನ್ನೂ ಇಟ್ಟಿದೆ. ಆಹಾರ ಧರ್ಮಸಮ್ಮತವಾದರೆ ಸಾಲದು, ಅದು ಶುದ್ಧವೂ ಉತ್ತಮವೂ ಆಗಿರಬೇಕು. ಇನ್ಸ್‌ಪೆಕ್ಟರುಗಳು ಲಂಚ ಪಡೆದು ಕೆಟ್ಟ ಮಾಂಸಕ್ಕೂ ಪ್ರಮಾಣಪತ್ರ ನೀಡಿದರೆಂಬ ಆರೋಪದ ಮೇಲೆ ಬ್ರೆಜಿಲ್‌ನ ಫೆಡರಲ್ ಪೊಲೀಸರು 2017ರ ಮಾರ್ಚ್‌ನಲ್ಲಿ ದಾಳಿ ನಡೆಸಿದ್ದನ್ನು ನೆನಪಿಸಿಕೊಳ್ಳಿ. ಮುದ್ರೆ ಮಾತ್ರ ನೋಡಿ ತೃಪ್ತಿಪಡುವ ಸಮುದಾಯ ಮುದ್ರೆ ಒತ್ತುವವನ ಕೈಯನ್ನೂ ಪರೀಕ್ಷಿಸಲು ಕಲಿಯಬೇಕು. ನಮ್ಮ ಪೇಟೆಯ ಫ್ರೀಜರಿನಿಂದ ನಗೆಟ್ಸ್, ಸಾಸೇಜ್ ಎತ್ತಿಕೊಳ್ಳುವ ಕೈಗಳಿಗೂ ಈ ಮಾತು ಅನ್ವಯಿಸುತ್ತದೆ.

ಬೇಡಲು ಬಂದ ಬಡವನ ಪಾತ್ರೆ ಮತ್ತು ಬಟ್ಟೆಯನ್ನು ಪ್ರವಾದಿವರ್ಯರು(ಸ) ಹರಾಜು ಹಾಕಿಸಿ, ಆ ಹಣದಿಂದ ಕೊಡಲಿ ಕೊಳ್ಳಿಸಿ, ಸೌದೆ ಕಡಿದು ಮಾರಲು ಕಳುಹಿಸಿದ ಪ್ರಸಂಗ ಹದೀಸ್‌ನಲ್ಲಿದೆ. ಆ ಬಡವನಿಗೆ ಒಂದು ಹೊತ್ತಿನ ಮಾಂಸ ಕೊಟ್ಟು ಕಳುಹಿಸಬಹುದಿತ್ತು. ಹಾಗೆ ಮಾಡಲಿಲ್ಲ. ಅಫಘಾನಿಸ್ತಾನದ ಆಡಳಿತಗಾರರು, ಅದರ ನೆರೆಯವರು ಮತ್ತು ನೆರವಿನ ಹೆಸರಿನಲ್ಲಿ ಅಲ್ಲಿಗೆ ಹೋಗುವವರು ಈ ಮೂವರೂ ಮೊದಲು ಆ ಕೊಡಲಿಯ ಬಗ್ಗೆ ಯೋಚಿಸಲಿ.